ಎಲ್ಲವನ್ನೂ ಒಪ್ಪಿಕೊಳ್ಳುವ ನೋಹ

ಬೀದರ
21 ಮಾರ್ಚ್ 2025, ಶುಕ್ರವಾರ

ಪ್ರೀತಿಯ ತಂಗಿ ಮರ್ಸಿಗೆ,

ಕರ್ತನ ಹೆಸರಿನಲ್ಲಿ ನಿನ್ನ ಅಕ್ಕ ಸುಸನ್ನಾಳ ವಂದನೆಗಳು. ಹತ್ತು ದಿನದಿಂದ ನಿನ್ನ ಫೋನು ಎತ್ತಿಲ್ಲ, ಕ್ಷಮಿಸು. ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಅತ್ತರೆ ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಲಲಿತಾಬಾಯಿ ನಾಳೆ ಔರಾದಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಚಹಾ ಕುಡಿದು, ಕೂತು ಓದು.

ನಮ್ಮ ನೋಹ ಜೈಲಿನಲ್ಲಿದ್ದಾನೆ.

ಈ ತಿಂಗಳ ಒಂಬತ್ತನೇ ತಾರೀಖು, ಭಾನುವಾರ, ಚರ್ಚಿಗೆಂದು ಹೊರಟ ಮಗ ಭಾಲ್ಕಿ ಬಸ್ಸು ಹತ್ತಿ ಹಲಬರ್ಗಾದಲ್ಲಿ ಇಳಿದಿದ್ದಾನೆ. ತಿಂಗಳಿಂದ ತಲೆಯ ಕಾಯಿಲೆಯ ಗುಳಿಗೆ ನುಂಗದೆ ದಿಂಬಿನೊಳಗೆ ತುರುಕಿದ್ದ, ನನಗೆ ಗೊತ್ತಾಗಿದ್ದು ಆಮೇಲೆ. ಅಲ್ಲಿ ಧೊಂಡಿಬಾ ಎಂಬ ಕುರಿಗಾರನ ಜೋಳದ ಒಣ ಕಣಕಿಯ ಬಣವೆಗೆ ಬೆಂಕಿ ಬಿದ್ದು, ಪಕ್ಕದ ದೊಡ್ಡಿಯಲ್ಲಿದ್ದ ನಾಲ್ಕು ಕುರಿ ಸತ್ತವು. ಪೊಲೀಸರು ಬಂದಾಗ ಅಲ್ಲಿ ನಿಂತಿದ್ದ ಪರ ಊರಿನವನು ಇವನೊಬ್ಬನೇ. "ಯಾರಲೇ ಹಚ್ಚಿದವ?" ಅಂದರೆ, "ನಾನಾ ಹಚ್ಚೀನ್ರಿ" ಅಂದನಂತೆ.

ನಿನಗೆ ನಗು ಬರಬಹುದು, ಬಂದರೆ ನಕ್ಕುಬಿಡು. ನಮ್ಮ ಅಪ್ಪ ಹಾಕಿದ ಪದ್ಧತಿ ನೆನಪಿದೆಯಲ್ಲ? ಸಂಜೆ ಪ್ರಾರ್ಥನೆಯಲ್ಲಿ ಎಲ್ಲರೂ ಆ ದಿನದ ಒಂದು ತಪ್ಪು ಒಪ್ಪಿಕೊಳ್ಳಬೇಕು, ಆಮೇಲೇ ಊಟ. ಅಪ್ಪ ಹೋದ ಮೇಲೂ ನಾನು ಅದನ್ನು ಬಿಡಲಿಲ್ಲ, ಸಾಲೆಯ ಟೀಚರು ನೋಡು. ತನ್ನದೊಂದು ತಪ್ಪು ಸಿಗದ ದಿನ ನೋಹ ಬೇರೆಯವರದ್ದನ್ನು ಹೇಳುತ್ತಿದ್ದ. ನೀನು ಒಡೆದ ಕಂದೀಲಿನ ಗಾಜಿಗೆ ಪೆಟ್ಟು ತಿಂದವನು ಅವನೇ. ಕಾಯಿಲೆ ಜೋರಾದಾಗ ಲೋಕದ ತಪ್ಪೆಲ್ಲ ಅವನದೇ ಆಗುತ್ತದೆ. ಠಾಣೆಯಲ್ಲಿ ಅದೇ ಬಾಯಲ್ಲಿ, "ಕಾರಂಜಾ ಡ್ಯಾಮ್ ಒಡದವನೂ ನಾನಾ" ಅಂದಿದ್ದಾನೆ. ಡ್ಯಾಮು ಗಟ್ಟಿಮುಟ್ಟಾಗಿ ನಿಂತಿದೆ! ಅದನ್ನು ಬರೆದುಕೊಳ್ಳಲಿಲ್ಲ, ಬಣವೆಯದನ್ನು ಬರೆದುಕೊಂಡರು. ಇವರಿಗೆ ಕಣ್ಣಿಲ್ಲವೇ, ಮರ್ಸಿ? ಒಬ್ಬ ಪೇದೆಯಂತೂ ನನ್ನೆದುರಿಗೇ, "ಹುಚ್ಚರ ನಾಟಕ ಮಾಡ್ಲಾಕತ್ತಾನ" ಅಂದ. ಕಪಾಳಕ್ಕೆ ಬಿಡಬೇಕೆನಿಸಿತ್ತು.

ಸೋಮವಾರ ಹಲಬರ್ಗಾಕ್ಕೆ ಹೋಗಿದ್ದೆ. ಧೊಂಡಿಬಾನ ತಾಯಿ ಸಖುಬಾಯಿ ಮಗ ಹೊಲಕ್ಕೆ ಹೋದ ಮೇಲೆ ನನ್ನನ್ನು ಒಳಗೆ ಕರೆದಳು. "ಆ ಹುಡುಗ ಬರೋ ಮೊದಲಾ ಬೆಂಕಿ ಹತ್ತಿತ್ರಿ. ಅವ ಬಂದು ದೊಡ್ಡಿ ಬಾಗಿಲಾ ತೆಗದು ಕುರಿ ಹೊರಗ ಹೊಡ್ಲಾಕತ್ತಿದ್ದ. ಕೈ ಸುಟ್ಟಾವರಿ ಅವಂದು." ಕೋರ್ಟಿನಲ್ಲಿ ಇದನ್ನೇ ಹೇಳುತ್ತೀರಾ ಎಂದು ಕೇಳಿದೆ. "ಮಗ ಹೂಂ ಅಂದ್ರ ಬರ್ತೇನ್ರಿ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಮಗ ಹೂಂ ಅನ್ನುತ್ತಾನೋ ಇಲ್ಲವೋ ದೇವರೇ ಬಲ್ಲ.

ಸರಕಾರದಿಂದ ಪುಕ್ಕಟೆ ವಕೀಲರನ್ನು ಕೊಟ್ಟಿದ್ದಾರೆ, ಗೌಹರ ಅಂತ, ಚುರುಕು ಹೆಣ್ಣುಮಗಳು. "ಅಮ್ಮಾ, ಪೊಲೀಸರ ಮುಂದ ಹೇಳಿದ್ದು ಕೋರ್ಟಿನ್ಯಾಗ ನಿಲ್ಲಲ್ರಿ. ಜಡ್ಜ್ ಸಾಹೇಬರ ಮುಂದೂ ಅದೇ ಹೇಳಿದ್ರ ಮುಶ್ಕಿಲ್ ಆಗ್ತದ" ಅಂದಳು. ಮೊದಲ ಸಲ ಅಲ್ಲಿ ನಿಲ್ಲಿಸಿದಾಗ ನೋಹ ತುಟಿ ಬಿಚ್ಚಿರಲಿಲ್ಲ. ಬರುವ ಮಂಗಳವಾರ ಭಾಲ್ಕಿ ಕೋರ್ಟಿಗೆ ಮತ್ತೆ ತರುತ್ತಾರೆ. ಅವನನ್ನು ಮನೋರೋಗದ ಡಾಕ್ಟರಿಗೆ ತೋರಿಸಬೇಕೆಂದು ಗೌಹರ ಅವತ್ತೇ ಅರ್ಜಿ ಹಾಕುತ್ತಾಳೆ. ಅದು ಮಂಜೂರಾಗುವ ತನಕ ಇವನು ನಾನೇ ಹಚ್ಚಿದೆ ಅನ್ನಬಾರದು.

ನಿನ್ನೆ ಜೈಲಿಗೆ ಮುಲಾಖತ್ತಿಗೆ ಹೋಗಿ ಅವನನ್ನು ಕಂಡು ಅದನ್ನೇ ಬೇಡಿಕೊಂಡೆ. ಕೈಗೆ ಪಟ್ಟಿ ಕಟ್ಟಿದ್ದಾರೆ, ಗಡ್ಡ ಬೆಳೆದಿದೆ. "ನೀ ಹಚ್ಚಿಲ್ಲಪ್ಪಾ, ಹಚ್ಚಿಲ್ಲ ಅಂತ ಹೇಳು" ಅಂದೆ. ನನ್ನನ್ನೇ ದಿಟ್ಟಿಸಿ, "ಮಮ್ಮಿ, ಸುಳ್ಳ ಹೇಳಂತೀ ಏನು?" ಅಂದ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಏಳು ವರ್ಷದ ಕೂಸಿನ ಹಾಗೆ ಕೇಳಿದ.

ಅದಕ್ಕೇ ನೀನು ಮಂಗಳವಾರ ರಜೆ ಹಾಕಿ ಭಾಲ್ಕಿಗೆ ಬಾ. ಮೌಶಿ ಮೌಶಿ ಎಂದು ನಿನ್ನ ಮೇಲೆ ಅವನಿಗೆ ಜೀವ, ನಿನ್ನ ಮಾತು ಕೇಳುತ್ತಾನೆ. ಡಾಕ್ಟರ ಹೊಸ ಚೀಟಿಗಳನ್ನೆಲ್ಲ ಅವನೇ ಹರಿದು ಒಲೆಗೆ ಹಾಕಿದ್ದಾನೆ. ಕಾಯಿಲೆಯ ಮೊದಲ ವರ್ಷ ನೀನು ತೋರಿಸಿದಾಗಿನ ಡಾಕ್ಟರ ಚೀಟಿಗಳು ನಿನ್ನ ಟ್ರಂಕಿನಲ್ಲಿರಬೇಕು, ಮರೆಯದೆ ತಾ. ಯಾವ ಗುಳಿಗೆ ಎಂಬ ಕಾಗದ ಇಲ್ಲದೆ ಜೈಲಿನ ಡಾಕ್ಟರೂ ಏನು ಕೊಟ್ಟಾರು?

ನಿನ್ನನ್ನೂ ನಿನ್ನ ಮಕ್ಕಳನ್ನೂ ಕರ್ತನು ತನ್ನ ರೆಕ್ಕೆಯ ಕೆಳಗೆ ಕಾಯಲಿ.

ನಿನ್ನ ಅಕ್ಕ,
ಸುಸನ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅವನನ್ನು ಹಿಡಿದ ದಿನ ಠಾಣೆಯ ಸಾಹೇಬರು ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಮರ್ಯಾದೆಯಿಂದಲೇ ಕೇಳಿದರು: "ಟೀಚರ್, ನಿಮ್ಮ ಮಗನಿಗಿ ತಲಿದು ಏನರ ತ್ರಾಸ ಅದ ಏನ್ರಿ?" ಒಂಬತ್ತು ವರ್ಷದಿಂದ ಚರ್ಚಿನಲ್ಲಿ, ಸಾಲೆಯಲ್ಲಿ, ಓಣಿಯಲ್ಲಿ ಯಾರು ಕೇಳಿದರೂ ಕೊಟ್ಟ ಉತ್ತರವೇ ಬಾಯಿಗೆ ಬಂತು. "ಏನೂ ಇಲ್ರಿ, ಛಲೋ ಅದಾನ" ಅಂದೆ. ಬರೆದುಕೊಂಡರು, ನಾನು ಕೆಳಗೆ ಸಹಿ ಮಾಡಿದೆ. ಆ ಕಾಗದ ಕೇಸಿನ ಫೈಲಿನಲ್ಲಿದೆ, ಗೌಹರಳಿಗೆ ನಾನಿನ್ನೂ ಹೇಳಿಲ್ಲ. ನಿನ್ನೆ ಮುಲಾಖತ್ತು ಮುಗಿದು ನಾನು ಏಳುವಾಗ ನೋಹ ಸರಳಿನಾಚೆಯಿಂದ ಕೇಳಿದ, "ಮಮ್ಮಿ, ನನಗ ಬ್ಯಾನಿ ಅದ ಅಂತ ಪೊಲೀಸರಿಗಿ ಹೇಳೀದಿಲ್ಲ?"

"ಹೇಳೀನಿ ಕಂದಾ" ಅಂದುಬಿಟ್ಟೆ.