ಹೆಲ್ಮರ್ಟನ್ನಿನ ಹೆಲ್ಮರ್ಟನ್‌ಗಳು

ಹೆಲ್ಮರ್ಟನ್, ಲಿಂಕನ್‌ಶೈರ್
ಭಾನುವಾರ, 14 ಅಕ್ಟೋಬರ್ 1979

ನನ್ನ ಪ್ರೀತಿಯ ಬೆರಿಲ್,

ಲಕೋಟೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದ್ದರೆ ಮೊದಲು ಹೋಗಿ ಎತ್ತಿಕೊಂಡು ಬಾ. ಅದರ ಹಿಂಬದಿಯನ್ನು ಇನ್ನೂ ನೋಡಿಲ್ಲದಿದ್ದರೆ ಈಗ ನೋಡಬೇಡ, ಮಗುಚಿ ಪಕ್ಕಕ್ಕಿಡು. ವಿಳಾಸದ ಅಕ್ಷರ ನನ್ನದಲ್ಲವೆಂದು ನೀನು ಗಮನಿಸಿಯೇ ಇರುತ್ತೀಯ. ನನ್ನ ಕೈಗೇನೂ ಆಗಿಲ್ಲ. ನಿಮ್ಮಪ್ಪನೂ ಬದುಕಿದ್ದಾರೆ, ಈಗಷ್ಟೇ ಎರಡು ಮೊಟ್ಟೆ ತಿಂದರು.

ಇಪ್ಪತ್ತು ವರ್ಷದಲ್ಲಿ ನಾನು ನಿನಗೆ ಬರೆದದ್ದೆಲ್ಲ ಕ್ರಿಸ್‌ಮಸ್ ಕಾರ್ಡಿನ ಎಡಗಡೆ ಹಿಡಿಸುವಷ್ಟು. ಹವೆ ಹೀಗಿದೆ, ಇಂಥವರು ತೀರಿಕೊಂಡರು, ಅಷ್ಟೆ. ನೀನೂ ಹಾಗೇ ಬರೆದೆ. ಒಂದು ಸಲ ಮಾತ್ರ ನೀನು ಉದ್ದ ಬರೆದಿದ್ದೆ: ನ್ಯೂಜಿಲೆಂಡಿನ ನಿನ್ನ ಮನೆಯಿಂದ ನಲವತ್ತು ಮೈಲಿ ದೂರದಲ್ಲೂ ಹೆಲ್ಮರ್ಟನ್ ಎಂಬ ಊರಿದೆ, ಅದರ ಬೋರ್ಡು ಕಣ್ಣಿಗೆ ಬೀಳದಿರಲೆಂದು ನೀನು ಸುತ್ತುದಾರಿ ಹಿಡಿದು ಹೋಗುತ್ತೀಯ ಎಂದು. ಆ ಕಾರ್ಡನ್ನು ನಿಮ್ಮಪ್ಪನಿಗೆ ತೋರಿಸಿದಾಗ ಅವರು ಓದಿದ್ದು ಊರಿನ ಹೆಸರು ಮಾತ್ರ. "ನೋಡಿದ್ಯಾ ಮಾಬೆಲ್, ಸಮುದ್ರದಾಚೆಗೂ ನಮ್ಮ ಹೆಸರು ಹೋಗಿದೆ!" ಎಂದು ಬೀಗಿದರು. ಸುತ್ತುದಾರಿಯ ಮಾತು ಅವರ ಕಣ್ಣಿಗೇ ಬೀಳಲಿಲ್ಲ. ನಾನೂ ತೋರಿಸಿ ಹೇಳಲಿಲ್ಲ.

ನಿನಗೆ ಗೊತ್ತಲ್ಲ ಅವರ ಹಾಡು. ಊರಿಗೆ ನಮ್ಮ ಹೆಸರಿದೆ, ಅಂದರೆ ಊರು ಕಟ್ಟಿದ್ದು ನಾವೇ. ನಾವು ಹೆಲ್ಮರ್ಟನ್ನಿನ ಹೆಲ್ಮರ್ಟನ್‌ಗಳು. ಮದುವೆಯಾಗಿ ಬಂದ ದಿನದಿಂದ ಐವತ್ತು ವರ್ಷ ಕೇಳಿದ್ದೇನೆ. ಈ ವರ್ಷ ಅದು ನೆತ್ತಿಗೇರಿತ್ತು. ಓಕ್ ಮರದ ದೊಡ್ಡ ಹಲಗೆ ಮಾಡಿಸಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ವಂಶಾವಳಿ ಬರೆಸಿದರು. ಇವತ್ತು, ಸುಗ್ಗಿಯ ಪ್ರಾರ್ಥನೆಯ ದಿನ, ಚರ್ಚಿನಲ್ಲಿ ಅದನ್ನು ತೂಗುಹಾಕಬೇಕಿತ್ತು. ಹಲಗೆ ಆಂಬ್ರೋಸ್ ಎಂಬ ಅವರ ಹೆಸರಿಗೇ ಮುಗಿಯುತ್ತಿತ್ತು. ಅದರ ಕೆಳಗೆ ನಿನ್ನ ಹೆಸರಿರಲಿಲ್ಲ. ಯಾಕಿಲ್ಲ ಎಂದು ನಾನು ಕೇಳಲಿಲ್ಲ. ಕೇಳದೆ ಬಿಟ್ಟ ತಪ್ಪುಗಳ ಸಾಲಿಗೆ ಇದನ್ನೂ ಸೇರಿಸಿಕೋ.

ಈಗ ಮಂಗಳವಾರದ ಕಥೆ. ನೂರು ವರ್ಷಕ್ಕಿಂತ ಹಳೆಯ ಚರ್ಚಿನ ದಾಖಲೆ ಪುಸ್ತಕಗಳನ್ನೆಲ್ಲ ಜಿಲ್ಲೆಯ ದಾಖಲೆ ಕಚೇರಿಗೆ ಒಪ್ಪಿಸಬೇಕಂತೆ. ಹೊಸ ಪಾದ್ರಿ ಫೆನ್ನರ್ ನನ್ನನ್ನು ಹಿಡಿದರು. "ಮಿಸೆಸ್ ಹೆಲ್ಮರ್ಟನ್, ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ಒಂದು ಪಟ್ಟಿ ಮಾಡ್ಕೊಡಿ" ಎಂದರು. ಹೊಗಳಿದರೆ ನಾನು ಕರಗಿಬಿಡುತ್ತೇನೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತು ಒಂದೊಂದೇ ಪುಸ್ತಕ ತೆಗೆದು ಧೂಳು ಒರೆಸುತ್ತಿದ್ದೆ. ನಮ್ಮ ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿರುವ ಮೊದಲ ಹೆಸರು ಥಾಮಸ್ ಹೆಲ್ಮರ್ಟನ್, ಆನ್ ಪೆಲ್‌ಳನ್ನು ಮದುವೆಯಾದವನು. ಅದಕ್ಕೂ ಹಿಂದಿನ ಕಾಗದವೆಲ್ಲ ಬೆಂಕಿಯಲ್ಲಿ ಹೋಯಿತೆಂದು ನಿಮ್ಮಪ್ಪ ಹೇಳುತ್ತಿದ್ದರು. ಹೇಗಿದ್ದರೂ ಕೈಯಲ್ಲಿದೆಯಲ್ಲ, ಥಾಮಸನ ನಾಮಕರಣವನ್ನು ಹುಡುಕಿ ಕೊಟ್ಟರೆ ಖುಷಿಪಡುತ್ತಾರೆ ಎಂದುಕೊಂಡೆ. ನೋಡು, ಒಳ್ಳೆಯದು ಮಾಡಲು ಹೋದವಳು ನಾನು.

ಸಿಕ್ಕಿತು. 1743ರ ಜನವರಿ. ಬಾಯಿಪಾಠ ಬಂದುಬಿಟ್ಟಿದೆ, ಹಾಗೇ ಬರೆಯುತ್ತೇನೆ: "ಒಂದು ಗಂಡು ಶಿಶು, ಚರ್ಚಿನ ಮುಖಮಂಟಪದಲ್ಲಿ ಸೇಬಿನ ಬುಟ್ಟಿಯೊಳಗೆ ಸಿಕ್ಕಿದ್ದು. ತಂದೆ ತಾಯಿ ತಿಳಿಯದು. ಥಾಮಸ್ ಎಂದು ನಾಮಕರಣ ಮಾಡಿ, ಊರಿನ ಹೆಸರನ್ನೇ ಮನೆತನದ ಹೆಸರಾಗಿ ಕೊಟ್ಟಿದೆ. ಸಾಕಲು ವಿಧವೆ ಪೆಲ್‌ಳಿಗೆ ಒಪ್ಪಿಸಿದೆ."

ಬೆರಿಲ್, ಪೆಲ್ ಎಂದರೆ ಆನ್‌ಳ ಮನೆಯವರೇ. ಆದರೂ ಬೇರೆ ಯಾರೋ ಥಾಮಸ್ ಇರಬೇಕು ಎಂದು ಹಿಂದಿನ ಪುಸ್ತಕ ತೆಗೆದೆ, ಅದರ ಹಿಂದಿನದನ್ನೂ ತೆಗೆದೆ. ನೂರೈವತ್ತು ವರ್ಷದ ಪುಟಗಳಲ್ಲಿ ಒಬ್ಬನೇ ಒಬ್ಬ ಹೆಲ್ಮರ್ಟನ್ ಇಲ್ಲ! ಬೆಂಕಿಯೂ ಬಿದ್ದಿಲ್ಲ, ಪುಸ್ತಕಗಳು ಗಟ್ಟಿಯಾಗಿವೆ. ಪಾದ್ರಿ ಚಹಾ ಹಿಡಿದು ಬಂದಾಗ, ಹಿಂದಿನ ಕಾಲದಲ್ಲಿ ಹೀಗೆ ಬಿಟ್ಟುಹೋದ ಮಕ್ಕಳಿಗೆ ಏನು ಹೆಸರಿಡುತ್ತಿದ್ದರು ಎಂದು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. "ಎಷ್ಟೋ ಕಡೆ ಊರಿನ ಹೆಸರೇ ಇಡ್ತಿದ್ರು. ಯಾರೂ ಇಲ್ಲದ ಮಗುಗೆ ಊರೇ ದಿಕ್ಕಲ್ವಾ" ಎಂದು ಬಿಸ್ಕತ್ತು ಅದ್ದಿಕೊಂಡು ತಿಂದರು. ಪಾಪ, ಯಾರ ಮುಂದೆ ಏನು ಹೇಳುತ್ತಿದ್ದೇನೆಂಬುದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ಒಣದ್ರಾಕ್ಷಿ ಬ್ರೆಡ್ಡಿಗೆ ಚೀಸ್ ಇಟ್ಟುಕೊಟ್ಟು, ನಿಮ್ಮಪ್ಪನಿಗೆ ಹೇಳಿಬಿಟ್ಟೆ. ಮೊದಲು ನಕ್ಕರು. ಆಮೇಲೆ "ಬರೆದವನು ಕುಡಿದಿರಬೇಕು" ಎಂದರು. ಆಮೇಲೆ ಮುಖದ ಬಣ್ಣವೇ ಹೋಯಿತು. "ಪಾದ್ರಿ ನೋಡಿದ್ನಾ?" ಎಂದರು. ಇಲ್ಲ ಎಂದೆ. "ಸರಿ. ಪುಸ್ತಕ ಹೋಗೋಕೆ ಮುಂಚೆ ಆ ಹಾಳೆ ಹರ್ಕೊಂಡು ಬಾ" ಎಂದರು, ಹಾಲು ತಾ ಎನ್ನುವಷ್ಟು ಸಲೀಸಾಗಿ. ಇಪ್ಪತ್ತೈದು ವರ್ಷದಿಂದ ಚರ್ಚಿನ ಧರ್ಮದರ್ಶಿಯಾಗಿರುವ ಮನುಷ್ಯ! ನಾನು ಆಗುವುದಿಲ್ಲ ಎಂದೆ. ಆ ಮಾತು ಬಾಯಿಂದ ಬಂದದ್ದಕ್ಕೆ ಅವರಿಗಿಂತ ನಾನೇ ಹೆಚ್ಚು ಬೆಚ್ಚಿಬಿದ್ದೆ.

ಈ ಮಾತನ್ನು ಇಪ್ಪತ್ತು ವರ್ಷ ಮೊದಲು ಹೇಳಬೇಕಿತ್ತು. ನಿನಗಾಗ ಹತ್ತೊಂಬತ್ತು. ನೀನು ಹೆತ್ತ ಕೂಸನ್ನು ಮನೆಗೆ ತರುತ್ತೇನೆಂದಾಗ ನಿಮ್ಮಪ್ಪ, "ಅಪ್ಪ ಯಾರು ಅಂತ ಗೊತ್ತಿಲ್ಲದ ಕೂಸು ನನ್ನ ಹೆಸರು ಹೊತ್ಕೊಂಡು ಈ ಊರಲ್ಲಿ ತಿರುಗೋದು ಬೇಡ" ಎಂದರು. ನೀನು ನನ್ನ ಮುಖ ನೋಡಿದೆ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ, ಸುಲಿಯುತ್ತಲೇ ಇದ್ದೆ. ಆರು ವಾರದ ರೂತ್‌ಳನ್ನು ಲಿಂಕನ್ನಿಗೆ ಒಯ್ದು ದತ್ತು ಕೊಡಿಸುವವರ ಕೈಗಿಟ್ಟು ಬಂದವಳೂ ನಾನೇ. ಬಂದು, ಕೂಸು ನಿದ್ದೆ ಮಾಡುತ್ತಿತ್ತು, ಅದಕ್ಕೇನೂ ಗೊತ್ತಾಗಲಿಲ್ಲ ಎಂದು ನಿನಗೆ ಹೇಳಿದೆ. ಸುಳ್ಳು ಹೇಳಿದೆ, ಬೆರಿಲ್. ಅದು ಎಚ್ಚರವಾಗಿತ್ತು. ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ಅದರ ಅಳು ಕೇಳಿಸುತ್ತಿತ್ತು.

ಈಗ ನಿನ್ನೆಯದು, ಶನಿವಾರದ್ದು. ಕೂತುಕೊಂಡು ಓದು.

ಸುಗ್ಗಿಯ ಪ್ರಾರ್ಥನೆಗೆ ಚರ್ಚು ಸಿಂಗರಿಸುತ್ತಿದ್ದೆ. ಕುಂಬಳಕಾಯಿ, ಸೇಬು, ಗೋಧಿಯ ಸಿವುಡಿನ ಆಕಾರದ ದೊಡ್ಡ ಬ್ರೆಡ್ಡು, ನನ್ನ ತೋಟದ ಕೆಂಪು ಡೇಲಿಯಾ. ಬೇರೆ ಯಾರೂ ಇರಲಿಲ್ಲ. ಒಬ್ಬ ಹುಡುಗಿ ಒಳಗೆ ಬಂದಳು, ಹೆಗಲಿಗೆ ಚೀಲ, ಕೈಯಲ್ಲಿ ಮಡಿಸಿದ ಕಾಗದ. "ಮೇಡಂ, ಹೆಲ್ಮರ್ಟನ್ ಅನ್ನೋ ಹೆಸರಿನೋರು ಇಲ್ಲಿ ಯಾರಾದ್ರೂ ಇದಾರಾ? ಫೋನ್ ಪುಸ್ತಕದಲ್ಲಿ ಯಾರೂ ಸಿಗಲಿಲ್ಲ. ನಕ್ಷೆಯಲ್ಲಿ ಈ ಊರು ಸಿಕ್ತು, ಬಸ್ ಹತ್ತಿಬಿಟ್ಟೆ" ಎಂದಳು. ನಮ್ಮ ಮನೆಯಲ್ಲಿ ಫೋನಿಲ್ಲವಲ್ಲ. ಯಾಕಮ್ಮ ಎಂದೆ. ಹದಿನೆಂಟು ದಾಟಿದ ದತ್ತು ಮಕ್ಕಳಿಗೆ ಈಗ ಹುಟ್ಟಿದ ದಾಖಲೆ ಕೊಡುತ್ತಾರಂತೆ. ಅದರಲ್ಲಿ ತಾಯಿಯ ಹೆಸರು ಮಾತ್ರ ಇದೆ ಎಂದು ಕಾಗದ ಬಿಡಿಸಿ ನನ್ನ ಮುಂದೆ ಹಿಡಿದಳು. ಓದುವ ಅಗತ್ಯವೇ ಇರಲಿಲ್ಲ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿನ ಮೀನಖಂಡ ಉಜ್ಜಿಕೊಂಡು ನಿಂತಿದ್ದಳು, ಲೆಕ್ಕ ಬಾರದಾಗ ನೀನು ನಿಲ್ಲುತ್ತಿದ್ದ ಹಾಗೆಯೇ.

ನಾನೇನು ಹೇಳಿದೆ ಗೊತ್ತೇ? "ಅದು ಬರೀ ಊರಿನ ಹೆಸರು ಕಣಮ್ಮ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ" ಎಂದೆ. ನಾಲಿಗೆ ತಾನಾಗಿ ಹೇಳಿತು. ಅವಳು ಥ್ಯಾಂಕ್ಸ್ ಹೇಳಿ ಹೊರಟುಹೋದಳು. ನಾನು ಕೈಯಲ್ಲಿ ಹೂವು ಹಿಡಿದು, ಎರಡನೆಯ ಸಲ ಅದೇ ಕೂಸನ್ನು ಹೊರಗೆ ಹಾಕಿದ ನನ್ನನ್ನು ಏನೆಂದು ಕರೆಯಬೇಕು ಎಂದು ಯೋಚಿಸುತ್ತ ನಿಂತಿದ್ದೆ. ಓಡಿಹೋಗಿ ಅವಳನ್ನು ಕರೆಯಲಿಲ್ಲ.

ಕಾಲು ಗಂಟೆಯಲ್ಲಿ ಅವಳೇ ತಿರುಗಿ ಬಂದಳು. ಮುಂಗೈಯಲ್ಲಿ ಮುಳ್ಳು ಗೀರಿತ್ತು, ಮುಖ ಕೆಂಪಾಗಿತ್ತು. "ಹೊರಗೆ ಸಮಾಧಿಗಳಲ್ಲಿ ಹದಿನೇಳು ಜನ ಹೆಲ್ಮರ್ಟನ್‌ಗಳು ಮಲಗಿದಾರೆ ಮೇಡಂ. ಎಣಿಸ್ಕೊಂಡು ಬಂದೆ. ಕೊನೆಯೋರ ಕಲ್ಲಿನ ಮುಂದಿರೋ ಹೂವೂ ನಿಮ್ಮ ಕೈಲಿರೋ ಹೂವೂ ಒಂದೇ" ಎಂದಳು. ನಾನು ಹೂವನ್ನು ಕುಂಬಳಕಾಯಿಗಳ ನಡುವೆ ಇಟ್ಟೆ. ನಾನೇ ಮಾಬೆಲ್ ಹೆಲ್ಮರ್ಟನ್, ಬೆರಿಲ್ ನನ್ನ ಮಗಳು ಎಂದೆ. ಅವಳು ಅಳುತ್ತಾಳೆಂದುಕೊಂಡೆ. ಅವಳು ನಿನ್ನ ಮಗಳು, ಅಳಲಿಲ್ಲ. "ಮತ್ತೆ ಯಾಕೆ ಇಲ್ಲ ಅಂದ್ರಿ?" ಎಂದಳು. ನನ್ನ ಗಂಡನ ಹೆದರಿಕೆಗೆ ಎಂದೆ. "ನನ್ನ ಕೊಟ್ಟುಬಿಟ್ಟಿದ್ದೂ ಅದೇ ಹೆದರಿಕೆಗೇನಾ?" ಎಂದಳು. ಹೌದು ಎಂದೆ. "ನಿನ್ನ ಅಮ್ಮನಿಗೆ ಬಿಟ್ಟುಕೊಡೋಕೆ ಮನಸ್ಸಿರಲಿಲ್ಲ, ಕೊಟ್ಟವಳು ನಾನು" ಎಂದೂ ಅವಳಿಗೆ ಹೇಳಿದೆ. ಅದೊಂದನ್ನು ಸರಿಯಾಗಿ ಹೇಳಿದೆ, ಬೆರಿಲ್.

ಆಗಲೇ ಬಾಗಿಲು ಕಿರ್ರೆಂದಿತು. ನಿಮ್ಮಪ್ಪ. ನಾನು ಹರಿಯುವುದಿಲ್ಲ ಎಂದೆನಲ್ಲ, ಹಿಂದಿನ ಕೋಣೆಯ ಬೀಗದ ಕೈ ಹಿಡಿದು ತಾವೇ ಬಂದಿದ್ದರು. ಇನ್ನೊಂದು ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಗಡ್ಡ ಹೆರೆಯುವ ಬ್ಲೇಡು. ಹುಡುಗಿಯನ್ನು ನೋಡಿ ಯಾರಿದು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ನನ್ನನ್ನ ಲಿನೆಟ್ ಅಂತಾರೆ. ಈ ಕಾಗದದ ಪ್ರಕಾರ ರೂತ್ ಹೆಲ್ಮರ್ಟನ್" ಎಂದಳು. ನಿಮ್ಮಪ್ಪ ಬೆಂಚಿನ ಅಂಚು ಹಿಡಿದುಕೊಂಡರು. ಅವರು ಏನಾದರೂ ಅನ್ನುವುದಕ್ಕೆ ಮೊದಲು ನಾನು ಒಳಗೆ ಹೋಗಿ ಆ ಪುಸ್ತಕ ತಂದು, ಪುಟ ತೆಗೆದು, ಸೇಬುಗಳ ಪಕ್ಕ ಅವರ ಮುಂದಿಟ್ಟೆ. ಹರಿಯುವುದಾದರೆ ಹರೀರಿ, ಮೊದಲು ಇವಳ ಮುಂದೆ ಜೋರಾಗಿ ಓದಿ ಎಂದೆ. ನನ್ನ ಗಂಟಲಲ್ಲಿ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಓದಿದರು. ಪ್ರತಿ ಭಾನುವಾರ ಬೈಬಲ್ ಓದುತ್ತಾರಲ್ಲ, ಅದೇ ಗತ್ತಿನಲ್ಲಿ ಶುರುಮಾಡಿದರು. "ತಂದೆ ತಾಯಿ ತಿಳಿಯದು" ಎಂಬಲ್ಲಿ ನಿಂತುಹೋದರು. ಲಿನೆಟ್‌ಗೆ ಅದು ಯಾರ ವಿಷಯವೆಂದು ಗೊತ್ತಿಲ್ಲ. ಬಗ್ಗಿ ಮುಂದಿನ ಸಾಲು ತಾನೇ ಓದಿಕೊಂಡು, ನಿಜವಾದ ಕಳವಳದಿಂದ, "ಅಯ್ಯೋ, ಜನವರಿ ಚಳಿಯಲ್ಲಿ! ಆಮೇಲೆ ಆ ಮಗು ಬದುಕ್ತಾ?" ಎಂದು ಕೇಳಿದಳು. ನಿಮ್ಮಪ್ಪ ಪುಸ್ತಕದಿಂದ ತಲೆ ಎತ್ತಿ ಅವಳನ್ನು ನೋಡಿದರು.

"ಬದುಕ್ತು. ಆ ಮಗುವಿನ ಮೊಮ್ಮಗನ ಮರಿಮಗ ನಾನು" ಎಂದರು.

ಅಷ್ಟೇ. ಕ್ಷಮೆ ಕೇಳಲಿಲ್ಲ, ತಬ್ಬಿಕೊಳ್ಳಲಿಲ್ಲ. "ಬಸ್ಸು ನಾಲ್ಕೂವರೆಗೆ. ಅಷ್ಟರೊಳಗೆ ಚಹಾ ಕುಡೀಬಹುದು" ಎಂದು ಮುಂದೆ ನಡೆದರು. ಬ್ಲೇಡು ಸೇಬುಗಳ ಪಕ್ಕದಲ್ಲೇ ಉಳಿಯಿತು. ಇವತ್ತು ಬೆಳಿಗ್ಗೆ ಪಾದ್ರಿ ಅದರಲ್ಲಿ ಪೆನ್ಸಿಲ್ ಹೆರೆದುಕೊಂಡರು. ಪುಟ ಇದ್ದ ಹಾಗೇ ಇದೆ, ನಾಳೆ ಪುಸ್ತಕದ ಜೊತೆಗೇ ಹೋಗುತ್ತದೆ.

ನಾಲ್ಕೂವರೆಯ ಬಸ್ಸು ಖಾಲಿ ಹೋಯಿತು. ರಾತ್ರಿ ಅವಳು ನಿನ್ನ ಕೋಣೆಯಲ್ಲಿ ಮಲಗಿದಳು. ನಾಟಿಂಗ್‌ಹ್ಯಾಮಿನಲ್ಲಿ ಬೀಜ ಮಾರುವವರ ಕಚೇರಿಯಲ್ಲಿ ಕೆಲಸವಂತೆ. ಸಾಕಿದವರು ಒಳ್ಳೆಯವರು, ಹುಡುಕು ಎಂದು ಅವರೇ ಕಳಿಸಿದ್ದಾರೆ. ನನ್ನನ್ನು ಇನ್ನೂ ಮೇಡಂ ಎನ್ನುತ್ತಾಳೆ, ಅದನ್ನು ತಿದ್ದಲು ನನಗೆ ಬಾಯಿಲ್ಲ. ನಿಮ್ಮಪ್ಪನ ಹಲಗೆ ಚರ್ಚಿಗೆ ಹೋಗಲಿಲ್ಲ, ಗೋಡೆಗೆ ಮುಖ ಹಾಕಿ ಕೊಟ್ಟಿಗೆಯಲ್ಲಿ ನಿಂತಿದೆ. ಅವರು ನೀನು ಬಿಟ್ಟುಹೋದ ಮನುಷ್ಯನೇ, ಬದಲಾಗಿಬಿಟ್ಟರು ಎಂದು ನಾನು ಬರೆಯುವುದಿಲ್ಲ. ಬೆಳಿಗ್ಗೆ ಅವಳ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕು ಎಂದರು. ನಾನು ಕಂಡದ್ದು ಅಷ್ಟು.

ಅವಳು ನಿನ್ನನ್ನು ನೋಡಬೇಕು ಎನ್ನುತ್ತಾಳೆ. ನೀನು ಇಲ್ಲಿಗೆ ಬರಬಹುದು, ಅಥವಾ ಅವಳಿಗೊಂದು ಸಾಲು ಬರೆಯಬಹುದು, ಅಥವಾ ಈ ಪತ್ರವನ್ನು ಒಲೆಗೆ ಹಾಕಬಹುದು. ಬಾ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಬಾ ಮಗಳೇ. ಈ ಸಲ ನೀನು ನನ್ನ ಮುಖ ನೋಡಿದರೆ ನಾನು ಆಲೂಗಡ್ಡೆ ಸುಲಿಯುತ್ತಿರುವುದಿಲ್ಲ.

ನಿನ್ನ ಅಮ್ಮ,
ಮಾಬೆಲ್

ಮರೆತ ಮಾತು: ಈಗ ಲಕೋಟೆ ತಿರುಗಿಸಿ ನೋಡು. ನಿನ್ನ ವಿಳಾಸ ಬರೆಯಲು ಹೋಗಿ ನಾನು ಎರಡು ಲಕೋಟೆ ಕೆಡಿಸಿದೆ. ಕೊನೆಗೆ ಲಿನೆಟ್ ತಾನು ಬರೆಯುತ್ತೇನೆಂದು ತೆಗೆದುಕೊಂಡಳು. ನಿನ್ನ ಹೆಸರನ್ನು ಬರೆಯುವಾಗ ಅವಳು ತುಟಿ ಕಚ್ಚಿಕೊಂಡಿದ್ದಳು. ಹಿಂಬದಿಗೆ ಬಂದಾಗ, ಕಳಿಸುವವರು ಎನ್ನುವ ಕಡೆ ಯಾರ ಹೆಸರು ಹಾಕಲಿ ಎಂದು ಕೇಳಿದಳು. ನಿಮ್ಮಪ್ಪ ಕುರ್ಚಿಯಿಂದ ಏಳದೆ, ಪೇಪರಿನಿಂದ ತಲೆ ಎತ್ತದೆ ಹೇಳಿದರು: "ರೂತ್ ಅಂತ ಬರಿ. ರೂತ್ ಹೆಲ್ಮರ್ಟನ್, ಹೆಲ್ಮರ್ಟನ್."