ಡೀಸೆಲ್ ಸೋಸುವ ಬಟ್ಟೆ

14 ಸೆಪ್ಟೆಂಬರ್ 1986, ಭಾನುವಾರ

ಇವತ್ತು ಟ್ರಾಕ್ಟರ್ ಮತ್ತೆ ನಿಂತಿತು. ಮೂಡಲ ಹೊಲ ಅರ್ಧ ಉತ್ತಾಗಿತ್ತು. ಮೊದಲು ಇಂಜಿನ್ ಸದ್ದು ಸೊರಗಿತು, ಆಮೇಲೆ ಎರಡು ಸಲ ಬಿಕ್ಕಳಿಸಿ ತಣ್ಣಗಾಯಿತು. ಮಜ್ಜಿಗೆ ತಂಬಿಗೆ ಬದುವಿನ ಮೇಲೆ ಇಟ್ಟು ಓಡಿದೆ. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸುವುದು ಮಾವ, ಕೈಪಂಪು ಒತ್ತುವುದು ನಾನು. ಗಾಳಿ ಸೇರಿದ್ದರೆ ಡೀಸೆಲ್ ನೊರೆನೊರೆಯಾಗಿ ಬರಬೇಕು. ಒಂದು ಗುಳ್ಳೆಯೂ ಇಲ್ಲ... ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹತ್ತಿಕೊಂಡಿತು. ಕಳ್ಳ ಮುಂಡೇದು.

ಮಾವ ಎಲ್ಲ ಕೆಲಸಕ್ಕೂ ನನ್ನನ್ನು 'ಅಮ್ಮಣಿ' ಅಂತ ಕರೆಯುತ್ತಾರೆ. ಟ್ಯಾಂಕಿಗೆ ಡೀಸೆಲ್ ಸುರಿಯುವಾಗ ಮಾತ್ರ ಕರೆಯುವುದಿಲ್ಲ. ಕೊಟ್ಟಿಗೆಯಲ್ಲಿ ಒಬ್ಬರೇ. ಯಾಕೋ.

ಮಿಲ್ಲಿನಲ್ಲಿ ಇವರಿಗೆ ಕೊಟ್ಟ ಡೈರಿ ಇದು. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುವವರೇ, ಆದರೆ ಇಲ್ಲಿನ ಶಾಲೆಯೆಲ್ಲ ತಮಿಳು, ಕನ್ನಡ ಓದಲು ಒಬ್ಬರಿಗೂ ಬಾರದು. ನನಗೆ ಬರುವುದು ತವರಿನ ಕೊಳ್ಳೇಗಾಲದ ಶಾಲೆ ಪುಣ್ಯ. ಗಂಡನನ್ನು ಬೈದು ಬರೆದರೂ ಕೇಳುವವರಿಲ್ಲ.

17 ಸೆಪ್ಟೆಂಬರ್, ಬುಧವಾರ

ಮೆಕ್ಯಾನಿಕ್ ಚೆನ್ನಕೇಶವನ್ ಸೂಲೂರಿನಿಂದ ಬಂದಿದ್ದ. ಫಿಲ್ಟರ್ ಹೊಸದು ಹಾಕಿದ. ವಾಷರ್ ಹೊಸದು. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಆಡುವ ಸಣ್ಣ ತೂತಿಗೂ ಸೂಜಿ ಚುಚ್ಚಿ ನೋಡಿದ. ಎಲ್ಲ ಸರಿ ಅಂದ. ಅವನು ಹೋಗಿ ಅರ್ಧ ಗಂಟೆಗೆ ಮತ್ತೆ ನಿಂತಿತು.

18 ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆ ಇಡ್ಲಿ ತಿನ್ನುವಾಗ ಇವರು ಬಾಯಿ ಬಿಟ್ಟರು. ಗಾಡಿ ಸರಿಯಾಗಿಯೇ ಇದೆಯಂತೆ. ಅಪ್ಪನಿಗೆ ವಯಸ್ಸಾಯಿತು, ಕಾಲು ಕ್ಲಚ್ ಮೇಲೇ ಕೂತಿರುತ್ತದೆ, ಇಂಜಿನ್ ಉಸಿರು ಕಟ್ಟುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋಮವಾರದಿಂದ ಪಳನಿಸಾಮಿ ಡ್ರೈವರ್ ಬರುತ್ತಾನೆ, ಅಪ್ಪ ಮನೆಯಲ್ಲಿ ಕೂರಲಿ.

ಮಾವ ಅಲ್ಲೇ ಇದ್ದರು. ಇನ್ನೊಂದು ಇಡ್ಲಿ ಬೇಡ ಅಂತ ಕೈ ಅಡ್ಡ ಹಿಡಿದರು. ಅಷ್ಟೇ. ಆಮೇಲೆ ನೋಡಿದರೆ ಕೊಟ್ಟಿಗೆಯಲ್ಲಿ, ನಿಂತ ಟ್ರಾಕ್ಟರಿನ ಸೀಟಿನ ಮೇಲೆ ಸುಮ್ಮನೆ ಕೂತಿದ್ದಾರೆ.

ಇವರ ಸಿಟ್ಟು ಕ್ಲಚ್ಚಿನದಲ್ಲ. ಅತ್ತೆ ಬೆಳ್ಳಿಯಮ್ಮ ತೀರಿಕೊಂಡದ್ದು ಈ ವರ್ಷ ತೈ ತಿಂಗಳಲ್ಲಿ, ಸಂಕ್ರಾಂತಿ ಆದ ಮೇಲೆ. ಹಾಲುತುಪ್ಪ ಬಿಟ್ಟ ಮರುದಿನವೇ ಮಾವ ಟ್ರಾಕ್ಟರ್ ಹತ್ತಿದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಅಂದಿನಿಂದ ಅತ್ತೆಯ ಹೆಸರೆತ್ತಿಲ್ಲ. 'ಅಪ್ಪನಿಗೆ ಅಮ್ಮನಿಗಿಂತ ಇಂಜಿನ್ ಹೆಚ್ಚು' ಅಂದಿದ್ದರು ಇವರು. ಎಂಟು ತಿಂಗಳಾದರೂ ಅದನ್ನು ನುಂಗಿಕೊಂಡಿಲ್ಲ.

20 ಸೆಪ್ಟೆಂಬರ್, ಶನಿವಾರ, ಮಧ್ಯಾಹ್ನ

ಸಿಕ್ಕಿತು! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಹುಣಿಸೆ ನೀರು ಗಿಂಡಿಯಿಂದ ಬಗ್ಗಿಸುತ್ತಿದ್ದೆ. ನಾರು ಬಂದು ಮೂತಿಗೆ ಕೂತಿತು, ನೀರು ನಿಂತಿತು. ಗಿಂಡಿ ನೆಟ್ಟಗೆ ಮಾಡಿದರೆ ನಾರು ಹಿಂದಕ್ಕೆ. ಬಗ್ಗಿಸಿದರೆ ಮತ್ತೆ ಮೂತಿಗೆ. ಒಲೆ ಹಾಗೇ ಬಿಟ್ಟು ಕೊಟ್ಟಿಗೆಗೆ ಓಡಿದೆ. ಟ್ಯಾಂಕಿನ ಅಡಿಯ ಪೈಪ್ ಕಳಚಿ, ಬಕೆಟ್ ಇಟ್ಟು, ಡೀಸೆಲ್ ಸುಮ್ಮನೆ ಹರಿಯಲು ಬಿಡಿ ಮಾವ ಅಂದೆ. ಮೊದಲು ಕಿರುಬೆರಳಿನಷ್ಟು ದಪ್ಪ ಧಾರೆ. ಎಣಿಸುತ್ತಾ ನಿಂತೆವು. ನೂರ ಇಪ್ಪತ್ತು ಅನ್ನುವಷ್ಟರಲ್ಲಿ ನೂಲಿನಂತಾಯಿತು. ನಲ್ಲಿ ಮುಚ್ಚಿ, ಸ್ವಲ್ಪ ಬಿಟ್ಟು ತೆರೆದರೆ ಮತ್ತೆ ದಪ್ಪ.

ಟ್ಯಾಂಕಿನೊಳಗೆ ಏನೋ ಇದೆ. ಹರಿದರೆ ಬಾಯಿಗೆ ಬರುತ್ತದೆ, ನಿಂತರೆ ತೇಲಿ ಹೋಗುತ್ತದೆ. ಮಾವನ ಕಾಲಿನದಲ್ಲ ತಪ್ಪು!

ಮಾವ ಡೀಸೆಲ್ ಕೈಯನ್ನು ಪಂಚೆಗೆ ಒರೆಸಿ ನನ್ನ ತಲೆಯ ಮೇಲೆ ಇಟ್ಟರು. ಸಾರು ಸೀದು ಹೋಗಿತ್ತು, ಹೋಗಲಿ. ನಾಳೆ ಟ್ಯಾಂಕ್ ಇಳಿಸುವುದು.

21 ಸೆಪ್ಟೆಂಬರ್, ಭಾನುವಾರ

ಸುಳ್ಳು ಹೇಳಿದೆ ಇವತ್ತು.

ಚೆನ್ನಕೇಶವನ್ ಟ್ಯಾಂಕ್ ಇಳಿಸಿ, ಕೊಕ್ಕೆ ತಂತಿ ಬಿಟ್ಟು ಎಳೆದ. ಎಣ್ಣೆಯಲ್ಲಿ ನೆನೆದ ದಪ್ಪ ಬತ್ತಿಯಂಥದ್ದು ಬಂತು. ಬರೀ ಹತ್ತಿಯ ಎಳೆ, ಜುಂಗು. ಹಳೆಯ ಬಟ್ಟೆಯಲ್ಲಿ ಡೀಸೆಲ್ ಸೋಸಿದ್ದೀರಿ, ಸವೆದ ಬಟ್ಟೆ ಎಳೆ ಬಿಡುತ್ತದೆ, ಅದೆಲ್ಲ ಸೇರಿ ಹೀಗಾಗಿದೆ ಅಂದ. ಯಾರು ಸೋಸಿದ್ದು ಅಂತ ಕೇಳಿದ.

ಆ ಮುದ್ದೆಯಲ್ಲಿ ನಾಲ್ಕಾರು ಹಸಿರು ಎಳೆ. ನನಗೆ ಗುರುತು ಸಿಕ್ಕಿತು. ಅತ್ತೆಯ ದಿನಬಳಕೆಯ ಸೀರೆ, ಹಸಿರು ಅಂಚಿನದು. ಅವರ ಬಟ್ಟೆಯೆಲ್ಲ ಕೊಟ್ಟಾಗ ಅದೊಂದು ಕಾಣೆಯಾಗಿತ್ತು. ಮಾವನ ಮುಖ ನೋಡಿದೆ. ನೋಡಬಾರದಿತ್ತು.

'ನಾನೇ' ಅಂದೆ.

ಇವರು ಕೂಗಾಡಿದರು. ಅಡುಗೆಮನೆ ಬಿಟ್ಟು ನಿನಗ್ಯಾಕೆ ಇದು, ನಿನ್ನಿಂದ ನಾನು ಅಪ್ಪನನ್ನು ಸುಮ್ಮನೆ ಅನ್ನಬಾರದ್ದು ಅಂದುಬಿಟ್ಟೆ, ಇನ್ನು ಟ್ರಾಕ್ಟರ್ ಹತ್ತಿರ ಸುಳಿಯಬೇಡ. ಪಳನಿಸಾಮಿಗೆ ಬರುವುದು ಬೇಡ ಅಂತ ಹೇಳಿ ಕಳಿಸಿದರು. ಮಾವನ ಸೀಟು ಉಳಿಯಿತು. ಅಷ್ಟು ಸಾಕು.

ಸಾಕು ಅಂತ ಬರೆದೆ, ಆದರೆ ಅಳು ಬರುತ್ತಿದೆ. ಕೈಪಂಪು ಒತ್ತುವುದಕ್ಕೆ ಅಳುವ ಹೆಂಗಸು ನಾನೊಬ್ಬಳೇ ಇರಬೇಕು.

22 ಸೆಪ್ಟೆಂಬರ್, ಸೋಮವಾರ

ಇವರಿಗೆ ಎರಡನೇ ಶಿಫ್ಟ್. ಬೇಗ ಊಟಕ್ಕೆ ಕೂತಿದ್ದರು. ಮಾವ ಬಂದರು, ಕೈಯಲ್ಲಿ ಮಡಿಸಿದ ಬಟ್ಟೆ. ತಟ್ಟೆಯ ಪಕ್ಕ ಇಟ್ಟರು. ಡೀಸೆಲ್ ವಾಸನೆ ಗಮ್ಮೆಂದಿತು. ಬೇಡ ಮಾವ ಅಂತ ಕಣ್ಣಲ್ಲೇ ಹೇಳಿದೆ. ನೋಡಿದರೂ ನೋಡದ ಹಾಗೆ ಮಾಡಿದರು.

'ದಂಡಪಾಣಿ, ಅಮ್ಮಣಿ ಅಲ್ಲ ಸೋಸಿದ್ದು, ನಾನು. ನಿಮ್ಮಮ್ಮನ ಸೀರೆ ಇದು. ಡ್ರೈವರನ್ನ ಬೇಕಾದ್ರೆ ಕೂಗು. ಆ ಕೂಸನ್ನ ಬೈಬೇಡ.'

ಇವರ ಕೈ ಅನ್ನದಲ್ಲೇ ನಿಂತಿತು.

ಮಾವ ಗೋಡೆಗೆ ಒರಗಿ ನಿಂತೇ ಹೇಳಿದರು. ಟ್ರಾಕ್ಟರ್ ಬಂದು ಹನ್ನೊಂದು ವರ್ಷ, ಹನ್ನೊಂದು ವರ್ಷವೂ ಆಲಿಕೆಗೆ ಬಟ್ಟೆ ಹಿಡಿದದ್ದು ಅತ್ತೆ, ಡೀಸೆಲ್ ಸುರಿದದ್ದು ಮಾವ. ಅತ್ತೆ ಹಿಡಿಯುತ್ತಿದ್ದದ್ದು ಮಗ್ಗದ ಹೊಸ ಗಟ್ಟಿ ಬಟ್ಟೆ, ಸ್ವಲ್ಪ ಜುಂಗು ಕಂಡರೆ ಎಸೆದುಬಿಡುತ್ತಿದ್ದರಂತೆ. ಅತ್ತೆ ಹೋದ ಮೇಲೆ ಬಟ್ಟೆ ಹಿಡಿಯಲು ಯಾರನ್ನೂ ಕರೆಯಲು ಮನಸ್ಸಾಗಲಿಲ್ಲ. ಸೀರೆ ಕಟ್ಟಿ ಸುರಿದರೆ ಅವಳೇ ಎದುರಿಗೆ ಹಿಡಿದು ನಿಂತ ಹಾಗೆ ಇತ್ತು ಅಂದರು.

ಇವರು ಸೀರೆ ನೋಡುತ್ತಲೇ ಕೇಳಿದರು, 'ಹಾಲುತುಪ್ಪ ಆಗಿ ಮಾರನೇ ದಿನವೇ ಉಳೋಕೆ ಹೋದ್ರಲ್ಲಾ ಅಪ್ಪಾ?'

'ಮನೇಲಿ ಹೆಂಗೆ ಅಳೋದು ಕಂದಾ, ನೀನಿದ್ದೆ. ಟ್ರಾಕ್ಟರ್ ಸದ್ದಲ್ಲಿ ಅತ್ರೆ ಯಾರಿಗೂ ಕೇಳಲ್ಲ.'

ಇವರು ಕೈ ತೊಳೆಯದೆ ಎದ್ದರು. ಅಪ್ಪನ ಹತ್ತಿರ ಹೋಗಿ ನಿಂತರು, ಎಂಜಲು ಕೈ ಹಿಂದಕ್ಕೆ ಹಿಡಿದುಕೊಂಡು. ಭುಜಕ್ಕೆ ಹಣೆ ಆನಿಸಿದರು. ನಾನು ಒಳಗೆ ಹೋದೆ. ಬಸ್ ತಪ್ಪಿತು, ಶಿಫ್ಟಿಗೆ ಹೋಗಲೇ ಇಲ್ಲ.

5 ಅಕ್ಟೋಬರ್, ಭಾನುವಾರ, ಸಂಜೆ

ಮೂಡಲ ಹೊಲ ಮುಗಿದು ವಾರವಾಯಿತು. ಒಂದು ಸಲವೂ ನಿಲ್ಲಲಿಲ್ಲ. ಸೀಟಿನಲ್ಲಿ ಮಾವನೇ. ಹಿತ್ತಾಳೆ ಜಾಲರಿಯ ಆಲಿಕೆ ಬಂದಿದೆ, ಹಿಡಿಯುವುದು ನಾನು. ಕೈ ಅಲುಗಿದರೆ ಬೈಸಿಕೊಳ್ಳುವುದೂ ನಾನು. ಸೀರೆಯನ್ನು ಇವರು ತಾವೇ ಒಗೆದು ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಈಗ ಇವರ ಷರ್ಟಿಗೆಲ್ಲ ಡೀಸೆಲ್ ವಾಸನೆ. ಮಿಲ್ಲಿನಲ್ಲಿ ನಗುತ್ತಾರಂತೆ, ನಗಲಿ ಅಂತಾರೆ.

ಇಷ್ಟು ದಿನ ಬರೆಯಲಿಲ್ಲ. ಅಪ್ಪ ಮಗ ಮಾತಾಡಿದರೆ ಬರೆಯೋಣ ಅಂತಿದ್ದೆ. ಆವತ್ತಿನ ಮೇಲೆ ಇಬ್ಬರಿಗೂ ನಾಚಿಕೆ, ಹೊಸ ಮದುಮಕ್ಕಳ ಹಾಗೆ. ಜೊತೆಗೆ ಕೂರುತ್ತಾರೆ, ಮಳೆ ಬರುತ್ತಾ ಅಂತಾರೆ, ಏಳುತ್ತಾರೆ.

ಈಗ ಇಬ್ಬರೂ ಜಗಲಿಯಲ್ಲಿದ್ದಾರೆ. ಇವರು ಕೇಳಿಯೇಬಿಟ್ಟರು, ಅಮ್ಮನನ್ನು ಮೊದಲು ನೋಡಿದ್ದು ಎಲ್ಲಿ ಅಂತ. ಮಾವ ನಕ್ಕರು! ಮಾವನ ನಗು ಕೇಳಿ ಎಷ್ಟು ದಿನವಾಯಿತು. ಆನೈಮಲೈಯಲ್ಲಂತೆ. ಎತ್ತಿನಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದಳಂತೆ ಬೆಳ್ಳಿ, ಮಡಿಲಲ್ಲಿ ಕಡಲೆಕಾಯಿ. ಮಾವನನ್ನು ನೋಡಿ ಸಿಪ್ಪೆ ಎಸೆದು... ಏನಂದಳಂತೆ? ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬಾರದೇ. ಈ ಸ್ಟೋವ್ ಸದ್ದಿನಲ್ಲಿ ಅರ್ಧವೂ ಕೇಳಿಸುತ್ತಿಲ್ಲ. ಅನ್ನ ಆಮೇಲೆ ಆಗಲಿ, ಆರಿಸಿ ನಾನೂ ಹೋಗಿ—