ಸುಂದರವ್ವನ ರಕ್ತದ ಬಣ್ಣ

ನೇಸರಗಿ
ತಾ. ೯ ಮಾರ್ಚ್ ೧೯೧೩

ಚಿ. ಸೌ. ತಂಗಿ ಶಟ್ಟೆವ್ವಳಿಗೆ ಅಣ್ಣ ರಾಮಲಿಂಗಪ್ಪನ ಆಶೀರ್ವಾದಗಳು.

ನೀನು ಬಸುರಾದ ಸುದ್ದಿ ತೊರಗಲ್ಲಿನಿಂದ ಬಂದು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಮುನಿದಿರಬಹುದು. ಜೋಳದ ರಾಶಿ ಮುಗಿಯುವ ತನಕ ಕೈ ಬಿಡುವಾಗಲಿಲ್ಲ. ಅಲ್ಲದೆ ನಿನ್ನ ಅತ್ತಿಗೆ ಸುಂದರವ್ವ ಪೂರ್ತಿ ಗುಣವಾದ ಮೇಲೆಯೇ ಬರೆಯಬೇಕೆಂದು ಅವ್ವನ ಹಟ. ಈಗ ಗುಣವಾಗಿದ್ದಾಳೆ, ನಿಶ್ಚಿಂತೆಯಿಂದ ಓದು.

ದೀಪಾವಳಿಯ ಹಟ್ಟಿಹಬ್ಬದ ಹೊತ್ತಿಗೆ ಅವಳು ಬಾವಿಯಿಂದ ಕೊಡ ತರುವಾಗ ದಾರಿಯಲ್ಲೇ ಕುಳಿತುಬಿಡುತ್ತಿದ್ದಳು. ಎದೆ ಹೊಡೆದುಕೊಳ್ಳುತ್ತಿತ್ತು. ಗಾಳಿ ಸೋಂಕಿದೆ ಎಂದು ಓಣಿಯವರು ತಾಯಿತ ಕಟ್ಟಿಸಿದರು. ಅವ್ವ ತಾಯಿತ ಬಿಚ್ಚಲಿಲ್ಲ. ಆದರೆ ಮರುದಿನವೇ ಬಂಡಿ ಹೂಡಿಸಿ ಸೊಸೆಯನ್ನು ಬೈಲಹೊಂಗಲದ ದವಾಖಾನೆಗೆ ಕರೆದೊಯ್ದಳು. ನಾನೂ ಹೋಗಿದ್ದೆ.

ಅಲ್ಲಿಯ ಡಾಕ್ಟರಬಾಯಿ ಸುಂದರವ್ವನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಬಿಳಿ ಒತ್ತುಕಾಗದಕ್ಕೆ ಹೀರಿಸಿ, ಅಚ್ಚು ಹಾಕಿದ ಕೆಂಪು ಬಣ್ಣಗಳ ಪಟ್ಟಿಯ ಪಕ್ಕಕ್ಕೆ ಹಿಡಿದಳು. ತೀರ ತಿಳಿಯಾದ ಬಣ್ಣಕ್ಕೆ ಅದು ಹೊಂದಿತು. ನಾನು ಮುಖ ತಿರುಗಿಸಿದೆ. ಅವ್ವ ಮಾತ್ರ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಇದು ಯಾವ ಬ್ಯಾನಿದು ಬಣ್ಣರಿ, ಬಾಯಾರ?”

“ಬಣ್ಣ ಬ್ಯಾನಿ ಹೆಸರ ಹೇಳೂದಿಲ್ಲವ್ವಾ. ರಕ್ತ ಕಡಿಮಿ ಐತಿ ಅಂತ ಅಷ್ಟ ಹೇಳತೈತಿ. ಯಾಕ ಕಡಿಮಿ ಆತು ಅನ್ನೂದನ್ನ ನಾವ ಹುಡಕಬೇಕು.”

ಮರುದಿನ ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ಮಲ ನೋಡಿ, ಕರುಳಿಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳುಗಳಿವೆ ಎಂದಳು. ಬರಿಗಾಲಲ್ಲಿ ಹೊಲಸು ನೆಲ ತುಳಿದರೆ ಅವು ಮೈ ಸೇರುತ್ತವಂತೆ. ಹುಳು ಬೀಳಲು ಔಷಧ ಕುಡಿಸಿ, ಕಬ್ಬಿಣದ ಔಷಧ ಕಟ್ಟಿಕೊಟ್ಟು, ತಿಂಗಳ ಮೇಲೆ ಮತ್ತೆ ಬನ್ನಿ ಎಂದಳು.

ಊರಿಗೆ ಬಂದವಳೇ ಅವ್ವ ಸಮಗಾರ ಮುದಕಪ್ಪನಿಂದ ಸೊಸೆಗೆ ಚಪ್ಪಲಿ ಮಾಡಿಸಿದಳು. ಹಿರಿಯರೆದುರು ಚಪ್ಪಲಿ ಮೆಟ್ಟಿ ಓಡಾಡುವ ಸೊಸೆ ನಮ್ಮ ಓಣಿಯಲ್ಲಿ ಎಲ್ಲಿದ್ದಾಳೆ ಹೇಳು. ಹೆಂಗಸರು ನಕ್ಕರು. ಅವ್ವ ತಾನೂ ಒಂದು ಜೊತೆ ಹಾಕಿಕೊಂಡು ಬಾವಿಗೆ ಹೋದಳು. “ನನ್ನ ನೋಡಿ ನಗ್ರಿ. ಆಕಿನ್ನ ಬಿಡ್ರಿ,” ಅಂದಳಂತೆ.

ತಿಂಗಳಾಗುವಷ್ಟರಲ್ಲಿ ಸುಂದರವ್ವನಿಗೆ ಹಸಿವೆ ಬಂತು, ಮುಖ ಗೆಲುವಾಯಿತು. ಔಷಧ ಸಾಕು ಎಂದಳು. ಹೊಲದಲ್ಲಿ ಜೋಳ ಕೊಯ್ಲಿಗೆ ನಿಂತಿತ್ತು, ನಾನೂ ಹೂಂ ಅಂದೆ. ಅವ್ವ ಕೇಳಲಿಲ್ಲ.

“ನಿನಗ ಚಲೋ ಅನಸಾಕ ಹತ್ತೇತಿ, ಖರೆ. ಆ ಕಾಗದಕ್ಕ ಏನ ಅನಸತೈತಿ ನೋಡಿ ಬರೂಣು.”

ಕಾಗದದ ಬಣ್ಣ ಏರಿತ್ತು, ಆದರೆ ಸಾಲುವಷ್ಟಲ್ಲ. ಹುಳುಗಳೂ ಪೂರ್ತಿ ಹೋಗಿರಲಿಲ್ಲ. ಆಗ ಬಿಟ್ಟಿದ್ದರೆ ಮಳೆಗಾಲಕ್ಕೆ ಮತ್ತೆ ಹಾಸಿಗೆ ಹಿಡಿಯುತ್ತಿದ್ದಳೆಂದು ಡಾಕ್ಟರಬಾಯಿ ಹೇಳಿದಳು. ಮತ್ತೆ ಔಷಧ, ಮತ್ತೆ ಬಂಡಿ. ಮೊನ್ನೆ ಹೋದಾಗ ಹನಿ ದಾಸವಾಳದಷ್ಟು ಕೆಂಪಾಗಿತ್ತು. ಸುಂದರವ್ವ ಅಲ್ಲೇ ಅತ್ತೆಯ ಕಾಲು ಮುಟ್ಟಿದಳು. ಅಕ್ಷರ ಕಲಿಯದ ನಮ್ಮ ಅವ್ವ ಇಷ್ಟು ಗಟ್ಟಿಗಿತ್ತಿ ಎಂದು ಇಷ್ಟು ವರ್ಷ ಅವಳ ಕೈಯೂಟ ಉಂಡರೂ ನನಗೆ ಗೊತ್ತಿರಲಿಲ್ಲ.

ಯುಗಾದಿಗೆ ಬಂಡಿ ಕಳಿಸುತ್ತೇವೆ. ನಿನ್ನ ರಕ್ತವನ್ನೂ ತೋರಿಸಬೇಕೆಂದು ಅವ್ವ ಹೇಳಿದ್ದಾಳೆ. ಇಲ್ಲವೆನ್ನಬೇಡ. ನೂರು ಕಾಲ ಮುತ್ತೈದೆಯಾಗಿ ಬಾಳು.

ನಿನ್ನ ಅಣ್ಣ
ರಾಮಲಿಂಗಪ್ಪ

ತಾ.ಕ.: ಅವ್ವ ಪತ್ರ ಓದಿಸಿ ಕೇಳಿ, “ಕಾಡವ್ವಂದೂ ಬರಿ,” ಅಂದಳು. ನಮ್ಮ ಅಕ್ಕ ಕಾಡವ್ವ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಾಗ ನೀನು ತೀರ ಸಣ್ಣವಳು. ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ಬಸರಾದಾಗ ಆಕಿ ದಿನಾ ಬೆಳ್ಳಗ ಆಗಾಕ ಹತ್ತಿದ್ದಳು. ಮಗಳಿಗೆ ಬಸರಿನ ಕಳಿ ಬಂದೈತಿ ಅಂತ ನಾನು ಓಣಿ ತುಂಬ ಹೇಳಕೋತ ತಿರಗೀನಿ, ಹಸರ ಸೀರಿ ಉಡಿಸಿ ನೋಡಿ ಹಿಗ್ಗೀನಿ. ಶಟ್ಟೆವ್ವಾ, ನಿನ್ನ ಯಾರರೆ ಬೆಳ್ಳಗ ಆಗೀಯಲ್ಲ ಅಂದ್ರ, ಯುಗಾದಿ ತನಕ ಕಾಯಬ್ಯಾಡ. ಅವತ್ತ ಹೊಂಟ ಬಾ.”